ಮೂರು ಚಿಂದಿ, ಒಂದು ಗಂಟು

ಮೊನ್ನೆ ಲ್ಯಾಪ್‌ಟಾಪ್ ಚೀಲದಲ್ಲಿ ಚಾರ್ಜರ್ ಹುಡುಕುತ್ತಿದ್ದೆ. ನನ್ನ ಚೀಲದ ಗುಣವೇ ಹಾಗೆ, ಹುಡುಕಿದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಕೊಡುತ್ತದೆ. ಹುನಗುಂದದ ಎರಡು ಬಸ್ ಟಿಕೆಟ್ ಬಂತು. ಅರ್ಧ ತಿಂದು ಮಡಚಿಟ್ಟ ಶೇಂಗಾ ಚಿಕ್ಕಿ ಬಂತು. ಮುಚ್ಚಳವಿಲ್ಲದ ಪೆನ್ನು, ಆಮೇಲೆ ಪೆನ್ನಿಲ್ಲದ ಮುಚ್ಚಳ ಬಂತು. ಎರಡೂ ಒಂದಕ್ಕೊಂದು ಹೊಂದಲಿಲ್ಲ. ಕೊನೆಗೆ ಚೀಲವನ್ನು ತಲೆಕೆಳಗು ಮಾಡಿ ಜಾಡಿಸಿದಾಗ ಅಡಿಯ ಹೊಲಿಗೆಯೊಳಗಿಂದ ಮೂರು ಬಟ್ಟೆ ಚಿಂದಿ ಬಿದ್ದವು. ಒಂದು ದಾಳಿಂಬೆ ಕೆಂಪು, ಒಂದು ಕಪ್ಪು ಹಸಿರಿನ ಚೌಕಳಿ, ಇನ್ನೊಂದು ಹಳದಿ ಗೆರೆಯ ದಡಿಯ, ಅಂದರೆ ಸೀರೆಯಂಚಿನ, ತುಂಡು. ಮೂಗಿಗೆ ಹಿಡಿದೆ. ನೂಲಿಗೆ ಹಾಕುವ ಗಂಜಿಯ ವಾಸನೆ ಇನ್ನೂ ಇತ್ತು. ಮೂರು ವರ್ಷ ಚಿಕ್ಕಿಯ ಜೊತೆ ಸಂಸಾರ ಮಾಡಿದರೂ ಗಂಜಿ ತನ್ನ ಗುಣ ಬಿಟ್ಟಿರಲಿಲ್ಲ.

ಆ ಮೂರನ್ನೂ ಸೇರಿಸಿ ಕಟ್ಟಿದ ಗಂಟೊಂದು ಇತ್ತು. ಈಗ ಬಿಚ್ಚಿಹೋಗಿದೆ. ನಾನು ಬಿಚ್ಚಿದ್ದಲ್ಲ, ಆಣೆ ಮಾಡಿ ಹೇಳುತ್ತೇನೆ. ಅದಾಗಿಯೇ ಬಿಚ್ಚಿಕೊಂಡಿದೆ.

ಅದೇ ಹೊತ್ತಿಗೆ ಫೋನು ಬಂತು. ಬಾಗಲಕೋಟೆಯ ಹಲ್ಲಿನ ಡಾಕ್ಟರು. ಅವರ ದವಾಖಾನೆಗೆ ವೆಬ್‌ಸೈಟ್ ಮಾಡಿಕೊಡುತ್ತೇನೆಂದು ಒಪ್ಪಿಕೊಂಡು ಮೂರು ವಾರವಾಗಿತ್ತು.

"ತಮ್ಮಾ, ಎಲ್ಲಿಗೆ ಬಂತು?"

"ಇನ್ಸ್ಪಿರೇಶನ್ ನೋಡಾಕತ್ತೇನ್ರಿ ಸರ್."

"ಮೂರ ವಾರದಿಂದ ಅದನ್ನ ನೋಡಾಕತ್ತಿ. ಇಷ್ಟೊತ್ತಿಗೆ ನಾ ಇಡೀ ಓಣಿ ಮಂದಿ ಹಲ್ಲ ಕಿತ್ತು ಹೊಸಾವ ಕೂಡಿಸ್ತಿದ್ದೆ. ಅಂಥಾದ್ದೇನ ನೋಡಾಕತ್ತಿ?"

"ಬ್ಯಾರೆ ಬ್ಯಾರೆ ದೇಶದ ಹಲ್ಲಿನ ದವಾಖಾನಿ ವೆಬ್‌ಸೈಟ್ ರೀ."

"ಕನ್ನಡಿ ಮುಂದ ನಿಂತು ಬಾಯಿ ತಗದು ನೋಡ್ಕೋ. ಮೂವತ್ತೆರಡ ಇನ್ಸ್ಪಿರೇಶನ್ ಅಲ್ಲೇ ಅದಾವು."

ಫೋನು ಇಟ್ಟಮೇಲೆ ಪರದೆ ನೋಡಿದೆ. ನಲವತ್ತೊಂದು ಕಿಟಕಿ ತೆರೆದು ಕೂತಿದ್ದವು, ಒಂದೊಂದರಲ್ಲೂ ಯಾರೋ ಬಿಳಿಯ ಹಲ್ಲು ತೋರಿಸಿ ನಗುತ್ತಿದ್ದರು. ನನ್ನನ್ನು ನೋಡಿಯೇ ನಗುತ್ತಿದ್ದರು ಎಂದು ಆಗ ಗೊತ್ತಾಯಿತು.

ಈ ಚಿಂದಿಯ ಸಂಗತಿ ಹೇಳುವ ಮೊದಲು ನನ್ನ ರೋಗದ ಸಂಗತಿ ಹೇಳಬೇಕು. ಇಳಕಲ್ಲಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ, ಒಂದು ಬೋರ್ಡು ಇಟ್ಟುಕೊಂಡು ನಾನು ವೆಬ್‌ಸೈಟ್ ಮಾಡುತ್ತೇನೆ. ಮಾಡುತ್ತೇನೆ ಅನ್ನುವುದಕ್ಕಿಂತ ಮಾಡುವ ತಯಾರಿ ಮಾಡುತ್ತೇನೆ ಅಂದರೆ ಸರಿ. ಕೆಲಸ ಸಿಕ್ಕ ಕೂಡಲೇ ನನಗೆ ಸ್ಫೂರ್ತಿ ಬೇಕೆನಿಸುತ್ತದೆ. ಸ್ಫೂರ್ತಿ ಇಲ್ಲದೆ ಕೈ ಹಚ್ಚಿದರೆ ಕೆಲಸ ತಡವಾಗುತ್ತದೆ, ನಾಲ್ಕು ಒಳ್ಳೆಯ ನಮೂನೆ ನೋಡಿಕೊಂಡರೆ ಸರಸರ ಮುಗಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹೇಳುವುದು ಸುಳ್ಳಲ್ಲ. ಆದರೆ ಅವರು ನಾಲ್ಕು ಅಂದಿದ್ದರು, ನನಗೆ ನಾನೂರು ಅಂತ ಕೇಳಿಸಿತು. ನೋಡಿದ್ದನ್ನೆಲ್ಲ ತೆಗೆದಿಡಲು 'ಸ್ಫೂರ್ತಿ' ಎಂಬ ಫೋಲ್ಡರ್ ಮಾಡಿದೆ. ಅದು ತುಂಬಿದಾಗ ಅದರೊಳಗೆ 'ಖರೇ ಸ್ಫೂರ್ತಿ' ಮಾಡಿದೆ. ಅದರೊಳಗೆ 'ಖರೇ ಸ್ಫೂರ್ತಿ ಕೊನೇದು'. ಅದರೊಳಗೂ ಒಂದಿದೆ, ಅದರ ಹೆಸರು 'ಇನ್ನ ಸಾಕು'. ಅದರಲ್ಲೇ ಎಲ್ಲಕ್ಕಿಂತ ಹೆಚ್ಚು ಚಿತ್ರಗಳಿವೆ.

ಇಂಥವನ ಕೈಗೆ ಮೂರು ವರ್ಷದ ಹಿಂದೆ ನೀಲಕ್ಕ ಕೆಲಸ ಕೊಟ್ಟಳು. ಅವಳ ಧೈರ್ಯಕ್ಕೆ ಈಗಲೂ ಕೈ ಮುಗಿಯುತ್ತೇನೆ.

ನೀಲಕ್ಕ ನಮ್ಮ ಹಿಂದಿನ ಓಣಿಯವಳು, ಮನೆಯಲ್ಲೇ ಮಗ್ಗ. ಅವಳೂ ಓಣಿಯ ಇನ್ನೂ ಹತ್ತು ಮಂದಿ ಹೆಣ್ಣುಮಕ್ಕಳೂ ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಅಲ್ಲಿಯವರೆಗೆ ಅವರು ನೇಯ್ದ ಸೀರೆ ಅಂಗಡಿಗೆ ಹೋಗುತ್ತಿತ್ತು, ಅಂಗಡಿಯ ಹೆಸರಿನ ಡಬ್ಬಿಯಲ್ಲಿ ಕೂತು ಎಲ್ಲೆಲ್ಲಿಗೋ ಹೊರಟುಬಿಡುತ್ತಿತ್ತು. ಈಗ ಬಾಗಲಕೋಟೆಯಲ್ಲಿ ನಡೆಯುವ ಕೈಮಗ್ಗದ ಪ್ರದರ್ಶನದಲ್ಲಿ ಮೊದಲ ಸಲ ತಮ್ಮದೇ ಮಳಿಗೆ ಹಾಕಲು ಹೊರಟಿದ್ದರು. ಪ್ರದರ್ಶನಕ್ಕೆ ಒಂದು ತಿಂಗಳು ಇತ್ತು.

"ಪ್ರತಿ ಸೀರಿ ಫೋಟೋದ ಕೆಳಗ ನೇಯ್ದಾಕಿ ಹೆಸರ ಬರಬೇಕ ನೋಡು ತಮ್ಮಾ," ಅಂದಳು ನೀಲಕ್ಕ. "ನನ್ನದು ಬಂತ ಬಿಟ್ಟಿತು ಅದ ಬ್ಯಾರೆ ಮಾತು. ನಮ್ಮ ಅತ್ತೀದು ಬರಬೇಕು. ಐವತ್ತ ವರ್ಷ ನೇಯ್ದಾಳ. ಒಂದರ ಸೀರಿ ಮ್ಯಾಲೆ ಆಕಿ ಹೆಸರ ಬಂದಿಲ್ಲ."

"ಬಿಡ್ರಿ ಅಕ್ಕಾರ, ಎಂಟ ದಿನದಾಗ ಮಾಡಿ ಕೊಡ್ತೇನಿ," ಅಂದೆ.

ನನ್ನ ಮಾತು ನಂಬಿ ಅವರು ಮರುದಿನವೇ ಇನ್ನೂರು ಕೈಚೀಲದ ಮೇಲೆ ವೆಬ್‌ಸೈಟಿನ ವಿಳಾಸ ಅಚ್ಚು ಹಾಕಿಸಿದರು. ಅಂದರೆ ವಿಳಾಸ ಮೊದಲು ಬಂತು, ಮನೆ ಆಮೇಲೆ ಕಟ್ಟಬೇಕಿತ್ತು. ಕಟ್ಟುವವನು ನಾನು.

ಎಂಟು ದಿನ ಕಳೆಯಿತು. ಆ ಎಂಟು ದಿನದಲ್ಲಿ ನಾನು ಜಪಾನಿನ ಕಿಮೋನೊ ಅಂಗಡಿಯಿಂದ ಹಿಡಿದು ಎಲ್ಲಿಯದೋ ಉಣ್ಣೆಯ ಟೋಪಿ ಅಂಗಡಿಯವರೆಗೆ ಎಲ್ಲ ನೋಡಿ ಮುಗಿಸಿದ್ದೆ. ಒಂಬತ್ತನೆಯ ದಿನ ನನಗೊಂದು ಜ್ಞಾನೋದಯವಾಯಿತು. ಸ್ಫೂರ್ತಿ ಪರದೆಯ ಮೇಲೆ ಇಲ್ಲ, ನಮ್ಮ ಮಣ್ಣಿನಲ್ಲಿದೆ! ಬಾದಾಮಿಯ ಗುಡ್ಡದ ಕೆಂಪು ಬಣ್ಣವನ್ನು ಹಿಡಿದು ತಂದು ವೆಬ್‌ಸೈಟಿಗೆ ಬಳಿಯಬೇಕು! ಈ ಜ್ಞಾನೋದಯಕ್ಕೆ ಕಾರಣ ಆ ದಿನ ಮನೆಯಲ್ಲಿ ಗೋದಿ ಹಸನು ಮಾಡುವ ಕೆಲಸ ನನ್ನ ಪಾಲಿಗೆ ಬಂದಿದ್ದು ಎಂದು ನಮ್ಮವ್ವ ಹೇಳುತ್ತಾಳೆ. ಅವಳ ಮಾತನ್ನು ನೀವು ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಬಾದಾಮಿಗೆ ಹೋದೆ. ಗುಹೆಗಳ ಮೆಟ್ಟಿಲ ಮೇಲೆ ಕೂತು, ನೋಟ್‌ಬುಕ್ಕು ತೊಡೆಯ ಮೇಲಿಟ್ಟು, ಕಲಾವಿದರು ನೋಡುವ ಹಾಗೆ ಒಂದು ಕಣ್ಣು ಸಣ್ಣ ಮಾಡಿ ಬಂಡೆ ನೋಡಿದೆ. ಹತ್ತು ನಿಮಿಷವಾಗಿರಬಹುದು. ಒಂದು ಮಂಗ ಬಂದು ನನ್ನ ಪಕ್ಕದಲ್ಲೇ ಕೂತಿತು. ಅದೂ ಬಂಡೆ ನೋಡಿತು. ಹೋಗಲಿ, ರಸಿಕ ಇರಬೇಕು ಎಂದು ನಾನು ಸುಮ್ಮನಿದ್ದೆ. ಅದು ನೋಟ್‌ಬುಕ್ಕು ಕಸಿದುಕೊಂಡು ಒಂದೇ ಜಿಗಿತಕ್ಕೆ ಮೇಲಿನ ಬಂಡೆಗೆ ಹೋಗಿ, ಮೊದಲ ಹಾಳೆ ಹರಿದು ಬಾಯಿಗೆ ಹಾಕಿ, ಉಗುಳಿತು. ನನ್ನ ಕೆಲಸದ ಬಗ್ಗೆ ಅಷ್ಟು ನೇರವಾದ ಅಭಿಪ್ರಾಯವನ್ನು ಯಾರೂ ಹೇಳಿರಲಿಲ್ಲ.

ಆ ದುಃಖಕ್ಕೆ ಚೊಳಚಗುಡ್ಡದ ಕಡೆ ನಡೆದೆ. ಬನಶಂಕರಿ ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರು ಎಲೆಯ ಮೇಲೆ ಖಡಕ್ ರೊಟ್ಟಿ, ಕೆಂಪು ಚಟ್ನಿ, ಮಡಕೆ ಮೊಸರು ಹಾಕಿದರು. ಮೂರು ರೊಟ್ಟಿ ತಿಂದು ಗುಡಿಯ ಹೊಂಡದ ಸುತ್ತಲಿನ ಪೌಳಿಯ ನೆರಳಿನಲ್ಲಿ 'ಬಣ್ಣಗಳ ಬಗ್ಗೆ ವಿಚಾರ ಮಾಡಲು' ಒರಗಿದೆ. ಎದ್ದಾಗ ಬಿಸಿಲು ಇಳಿದಿತ್ತು. ಸಂಜೆಯ ಬಸ್ಸಿನಲ್ಲಿ ಇಳಕಲ್ಲಿಗೆ ವಾಪಸು ಬಂದೆ. ಒಟ್ಟು ತಂದ ಸ್ಫೂರ್ತಿ ಏನು ಅಂತ ಕೇಳಿದರೆ, ಅಂಗಿಯ ಮೇಲೆ ಒಂದು ಚಟ್ನಿಯ ಕಲೆ. ಬಣ್ಣ ಮಾತ್ರ ನಿಜವಾಗಿಯೂ ಚೆನ್ನಾಗಿತ್ತು.

ಹೀಗೆ ಮೂರು ವಾರ ಹೋಯಿತು. ಪ್ರದರ್ಶನಕ್ಕೆ ಎಂಟು ದಿನ ಉಳಿದಾಗ ನೀಲಕ್ಕ ಬಾಗಿಲಲ್ಲಿ ನಿಂತಳು. ಮುಖದಲ್ಲಿ ನಗು ಇರಲಿಲ್ಲ.

"ಆದಷ್ಟ ತೋರಸು. ಎಲ್ಲಾರೂ ನಮ್ಮ ಮನ್ಯಾಗ ಕೂಡ್ಯಾರ. 'ಹುಡುಗ ನಮ್ಮ ಓಣ್ಯಾವ, ಮಾಡ್ತಾನ' ಅಂತ ನಾ ಮಾತ ಕೊಟ್ಟೇನಿ. ಈಗ ಅವರು ನನ್ನ ಮಾರಿ ನೋಡಾಕತ್ತಾರ."

ಆದಷ್ಟು ಏನೂ ಆಗಿರಲಿಲ್ಲ. ಆದರೂ ಹಿಂದಿನ ದಿನ, ಹೇಗೆ ಕಾಣುತ್ತದೋ ನೋಡೋಣ ಎಂದು, ಎಲ್ಲಿಯದೋ ಒಂದು ಬ್ರೆಡ್ ಅಂಗಡಿಯ ಪುಟವನ್ನು ಹಾಗೆಯೇ ಎತ್ತಿ ತಂದು ಮೇಲೆ ಸಂಘದ ಹೆಸರು ಹಾಕಿ ಇಟ್ಟಿದ್ದೆ. ಅದನ್ನೇ ಹಿಡಿದುಕೊಂಡು ಹೋದೆ.

ನೀಲಕ್ಕನ ಮನೆಯ ಪಡಸಾಲೆಯಲ್ಲಿ ಕುಣಿ ಮಗ್ಗ. ನೆಲದಲ್ಲಿ ತೆಗೆದ ಕುಣಿಯೊಳಗೆ ಕಾಲು ಬಿಟ್ಟುಕೊಂಡು ಅವಳ ಅತ್ತೆ ಬಸವ್ವ ಆಯಿ ನೇಯುತ್ತಿದ್ದಳು. ಸಂಘದವರೆಲ್ಲ ಜಮಖಾನೆಯ ಮೇಲೆ ಸಾಲಾಗಿ ಕೂತಿದ್ದರು. ಜೋಳದ ಡಬ್ಬಿಯ ಮೇಲೆ ಲ್ಯಾಪ್‌ಟಾಪು ಇಟ್ಟು ತೆರೆದೆ. ಮೇಲೆ ಸಂಘದ ಹೆಸರು ದೊಡ್ಡದಾಗಿ ಬಂತು. ಎಲ್ಲರೂ "ಹೋ" ಅಂದರು. ನಾನು ಉಬ್ಬಿ ಪುಟವನ್ನು ಕೆಳಗೆ ಸರಿಸಿದೆ. ಸರಿಸಬಾರದಿತ್ತು.

ಕೆಳಗೆ ಎದೆಯುದ್ದ ಗಡ್ಡ ಬಿಟ್ಟ ಒಬ್ಬ ಗಂಡಸು, ಮೈತುಂಬ ಹಿಟ್ಟು ಮೆತ್ತಿಕೊಂಡು, ಎರಡೂ ಕೈಯಲ್ಲಿ ಬ್ರೆಡ್ಡು ಹಿಡಿದು ನಗುತ್ತಿದ್ದ. ಅವನ ಕೆಳಗೆ ನಾನೇ ಅವಸರದಲ್ಲಿ ಕನ್ನಡ ಮಾಡಿ ಹಾಕಿದ ಸಾಲು: 'ನಮ್ಮ ಸಂಘದ ಸ್ಥಾಪಕರು.'

ಮಾತಿನಲ್ಲಿ ಯಾರಿಗೂ ಸೋಲದ ಕಸ್ತೂರಿ ಮುಂದೆ ಬಗ್ಗಿ ನೋಡಿದಳು.

"ನೀಲವ್ವಾ, ಈ ಗಡ್ಡದಾಂವ ಯಾರ? ಸಂಘ ಕಟ್ಟುಮುಂದ ಇವನ್ನ ಎಲ್ಲಿ ಮುಚ್ಚಿಟ್ಟಿದ್ದಿ?"

"ಬ್ರೆಡ್ ನೇಯ್ತಾನಂತ ಕಾಣ್ತೈತಿ," ಅಂದಳು ಇನ್ನೊಬ್ಬಳು.

ಎಲ್ಲರೂ ನಕ್ಕರು. ನನ್ನ ಕಿವಿ ಕಾದವು. ಏನಾದರೂ ಹೇಳಿ ಮರ್ಯಾದೆ ಉಳಿಸಿಕೊಳ್ಳಬೇಕಲ್ಲ. ನಮ್ಮ ಕಸುಬಿನಲ್ಲಿ ವೆಬ್ ಪುಟದ ಕೋಡಿನ ಮೇಲಿನ ಭಾಗಕ್ಕೆ ಹೆಡ್ ಅನ್ನುತ್ತಾರೆ, ಉಳಿದ ಮುಖ್ಯ ಭಾಗಕ್ಕೆ ಬಾಡಿ ಅನ್ನುತ್ತಾರೆ. ಆ ಪಂಡಿತನ ಗತ್ತಿನಲ್ಲಿ, ಹನ್ನೊಂದು ಮಂದಿ ಹೆಣ್ಣುಮಕ್ಕಳ ನಡುವೆ ನಿಂತು, ಗಂಟಲು ಸರಿಮಾಡಿಕೊಂಡು ಹೇಳಿದೆ:

"ಸಿಟ್ಟಾಗಬ್ಯಾಡ್ರಿ. ಅದು ಹೆಡ್ ಅಷ್ಟ ಆಗೈತಿ. ನಾ ಇನ್ನೂ ಬಾಡಿ ಹಾಕಿಲ್ಲ."

ನಮ್ಮ ಕಡೆ ಬಾಡಿ ಅಂದರೆ ಹೆಣ್ಣುಮಕ್ಕಳು ಕುಪ್ಪಸದ ಒಳಗೆ ಹಾಕಿಕೊಳ್ಳುವ ಬಟ್ಟೆ. ಇದು ಹುಟ್ಟಿದಾಗಿನಿಂದ ನನಗೆ ಗೊತ್ತಿದ್ದ ಸಂಗತಿ. ಅದು ಆ ಒಂದು ಕ್ಷಣ ಮಾತ್ರ ಮರೆತುಹೋಗಿತ್ತು.

ಥಟ್ಟನೆ ಕಸ್ತೂರಿ ಕೇಳಿದಳು:

"ನೀ ಯಾಕ ಹಾಕ್ಕೋತೀಯೋ ನನ ಮಗನ!"

ಜಮಖಾನೆಯ ಮೇಲಿದ್ದ ಸಾಲು ಒಬ್ಬರ ಮೇಲೊಬ್ಬರು ಬಿದ್ದಿತು. ಒಬ್ಬಳು ಸೆರಗು ಬಾಯಿಗೆ ತುರುಕಿಕೊಂಡಳು, ಇನ್ನೊಬ್ಬಳು ಗೋಡೆಗೆ ಮುಖ ಹಚ್ಚಿ ನಕ್ಕಳು. ನೀಲಕ್ಕನಿಗೂ ಸಿಟ್ಟು ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. ಆ ವರ್ಷವೆಲ್ಲ ನಾನು ಓಣಿಯಲ್ಲಿ ಹೋದರೆ ಯಾವುದಾದರೂ ಕಿಟಕಿಯಿಂದ "ತಮ್ಮಾ, ಹಾಕ್ಕೊಂಡ್ಯೋ?" ಎಂಬ ದನಿ ಬರುತ್ತಿತ್ತು. ಈಗ ಸ್ವಲ್ಪ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ.

ನಗದೇ ಇದ್ದವಳು ಬಸವ್ವ ಆಯಿ ಒಬ್ಬಳೇ. ಮಗ್ಗ ನಿಲ್ಲಿಸಿ, ಕುಣಿಯೊಳಗಿಂದಲೇ ಕತ್ತು ಚಾಚಿ ನೋಡುತ್ತಿದ್ದಳು.

"ಒಡಲ ಅನ್ನೋ ಯಪ್ಪಾ," ಅಂದಳು. "ಸೀರಿಗೆ ನಾವು ಹಂಗ ಅಂತೇವಿ. ದಡಿ, ಸೆರಗು, ಒಡಲು. ಅದಿರಲಿ. ಇದರಾಗ ನನ್ನ ಹೆಸರ ಎಲ್ಲೈತಿ?"

ಅವಳಿಗೆ ಓದಲು ಬರುತ್ತಿರಲಿಲ್ಲ. ಎಲ್ಲೋ ಇದ್ದೇ ಇರುತ್ತದೆ, ತನಗೆ ಕಾಣುತ್ತಿಲ್ಲ ಅಷ್ಟೇ ಎಂದು ನಂಬಿ ಕೇಳಿದ ಪ್ರಶ್ನೆ ಅದು. ನಗುವವರ ನಗು ಒಂದೊಂದಾಗಿ ನಿಂತಿತು. ನಾನು ಗಡ್ಡದವನನ್ನು ನೋಡಿದೆ. ಅವನೂ ನನಗೆ ಸಹಾಯ ಮಾಡಲಿಲ್ಲ.

"ಇನ್ನೂ ಹಾಕಿಲ್ಲ ಬೇ ಆಯಿ," ಅಂದೆ.

ಆಯಿ ತಲೆಯಾಡಿಸಿ ಮತ್ತೆ ಲಾಳಿ ಹಿಡಿದಳು. ಬೈದಿದ್ದರೆ ಎಷ್ಟೋ ಸಸಾರವಿತ್ತು.

ಮರುದಿನ ಮುಂಜಾನೆ ನೀಲಕ್ಕ ಹೇಳಿ ಕಳಿಸಿದಳು. ನೀನು ನಿನ್ನ ಕೋಣೆಯಲ್ಲಿ ಕೂತರೆ ಕೆಲಸ ಆಗುವುದಿಲ್ಲ, ನಮ್ಮ ಮನೆಗೆ ಬಂದು ಕೂಡು, ಆಯಿಯ ಕಣ್ಣ ಮುಂದೆ. ಹೋದೆ. ಸಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದಾಗಲೂ ನಾನು ಅಷ್ಟು ಸಣ್ಣವನಾಗಿರಲಿಲ್ಲ. ಮಗ್ಗದ ಪಕ್ಕದ ಕಂಬಕ್ಕೆ ಒರಗಿ, ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು, ಮೊದಲು ಮಾಡಿದ ಕೆಲಸ 'ಇನ್ನ ಸಾಕು' ಫೋಲ್ಡರ್ ತೆರೆದದ್ದು.

"ಮೂರ ವಾರ ಏನ ಮಾಡಿದಿ?" ಅಂತ ಆಯಿ ಕೇಳಿದಳು. ಕೈ ನಿಲ್ಲಲಿಲ್ಲ.

"ನಮೂನಿ ನೋಡಿದೆ ಬೇ. ಚೆಂದಂದು ನೋಡಿದ್ರ ಕೆಲಸ ಲಗೂನ ಆಗತೈತಿ."

"ಹೌದು, ಆಗತೈತಿ," ಅಂದಳು ಆಯಿ. ನನಗೆ ಆಶ್ಚರ್ಯವಾಯಿತು. ಬೈಯುತ್ತಾಳೆ ಅಂದುಕೊಂಡಿದ್ದೆ. "ಎಷ್ಟ ನೋಡಿದಿ?"

"ಎಂಟನೂರ ಆಗಿರಬೇಕು."

ಮಗ್ಗ ನಿಂತಿತು. ಆಯಿ ಕುಣಿಯಿಂದ ನಿಧಾನವಾಗಿ ಮೇಲೆ ಬಂದು, ಗೂಡಿನಲ್ಲಿದ್ದ ಒಂದು ಸರ ತಂದು ನನ್ನ ಮುಂದೆ ಹಾಕಿದಳು. ಹೂವಿನ ಸರದ ಹಾಗೆ ದಾರದಲ್ಲಿ ಪೋಣಿಸಿದ ಬಟ್ಟೆಯ ಚಿಂದಿಗಳು. ಅವಳು ನೇಯ್ದದ್ದು, ಅವಳ ಅವ್ವ ನೇಯ್ದದ್ದು, ಸಂತೆಯಲ್ಲಿ ನೋಡಿ ಕೇಳಿ ತಂದದ್ದು, ಗುಳೇದಗುಡ್ಡದ ಬೀಗರು ಕೊಟ್ಟ ಕುಪ್ಪಸದ ಖಣದ ತುಂಡು, ಎಲ್ಲ ಅದರಲ್ಲಿದ್ದವು. ಅದು ಅವಳ ಸ್ಫೂರ್ತಿಯ ಫೋಲ್ಡರ್ ಎಂದು ನನಗೆ ತಕ್ಷಣ ಹೊಳೆಯಿತು. ರೋಗ ಅವಳಿಗೂ ಇತ್ತು. ಆದರೆ ಅವಳ ಹತ್ತಿರ ಔಷಧವೂ ಇತ್ತು.

"ಹೊಸಾ ಸೀರಿಗೆ ಹಾಸ ಹಾಕೂದಕ್ಕಿಂತ ಮೊದಲ ಇದನ್ನ ತಗೀತೇನಿ," ಅಂದಳು. "ಒಂದ ಹೊತ್ತ ಕುಂತು ಎಲ್ಲಾ ನೋಡ್ತೇನಿ, ಹೊಟ್ಟಿ ತುಂಬ ನೋಡ್ತೇನಿ. ಆಮ್ಯಾಲೆ ಮೂರ ತಗದು ಗಂಟ ಹಾಕ್ತೇನಿ. ಸರ ಮತ್ತ ಗೂಡಿಗೆ. ಸೀರಿ ಮಗ್ಗದಿಂದ ಇಳಿಯೂತನಕ ಗಂಟ ಬಿಚ್ಚಂಗಿಲ್ಲ, ಸರ ಮುಟ್ಟಂಗಿಲ್ಲ."

"ನಡುವ ಇನ್ನೊಂದ ಚೊಲೋ ನಮೂನಿ ಕಂಡ್ರ?"

"ಕಾಣತೈತಿ. ದಿನಾ ಕಾಣತೈತಿ. ಅದು ಮುಂದಿನ ಸೀರಿಗೆ."

"ಮೂರ ಯಾಕ ಬೇ? ನಾಕ ಯಾಕಲ್ಲ?"

"ನಾಕ ಚಿಂದಿ ಹಿಡದ್ರ ಗಂಟ ದಪ್ಪ ಆಗತೈತೋ, ಜಾರತೈತಿ," ಅಂದಳು. ನಾನು ಏನೋ ದೊಡ್ಡ ತತ್ವ ಬರುತ್ತದೆಂದು ಕಾದಿದ್ದೆ.

ಆಮೇಲೆ ನೇಯುತ್ತಿದ್ದ ಸೀರೆ ತೋರಿಸಿ ವಿವರಿಸಿದಳು. ದಡಿ ಅವಳ ಅವ್ವನ ಕಾಲದ್ದು. ಕೆಂಪು ಬಿಳಿಯ ಸೆರಗು ಅದಕ್ಕೂ ಹಿಂದಿನದು, ಇಳಕಲ್ ಸೀರೆ ಅಂದ ಮೇಲೆ ಆ ಸೆರಗೇ ಇರಬೇಕು. ಮಗ್ಗಕ್ಕೆ ಉದ್ದಕ್ಕೆ ಹೂಡುವ ನೂಲಿನಲ್ಲೂ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸುತ್ತಾರೆ. "ದಡಿ, ಸೆರಗು ಹಿರ್ಯಾರ ಮಾಡಿಟ್ಟ ಹೋಗ್ಯಾರ. ನಾ ವಿಚಾರ ಮಾಡೂದ ಒಡಲಿಂದ ಅಷ್ಟ. ಎಲ್ಲಾ ನಾನ ಹೊಸಾದ ಹುಡುಕೂಣು ಅಂದಿದ್ರ ಇಷ್ಟ ವರ್ಷದಾಗ ಒಂದ ಸೀರಿ ಇಳೀತಿರಲಿಲ್ಲ."

ಎಂಟುನೂರು ವೆಬ್‌ಸೈಟು ನೋಡಿದರೂ ಸಿಗದ ಮಾತು ಅದು. ನಾನು ಪ್ರತಿ ಸಲ ದಡಿಯನ್ನೂ ಸೆರಗನ್ನೂ ಹೊಸದಾಗಿ ಕಂಡುಹಿಡಿಯಲು ಹೋಗುತ್ತಿದ್ದೆ. ಅಂಗಡಿಯ ಪುಟ ಅಂದಮೇಲೆ ಮೇಲೆ ಹೆಸರು ಎಲ್ಲಿರಬೇಕು, ಕೆಳಗೆ ವಿಳಾಸ ಎಲ್ಲಿರಬೇಕು, ಚಿತ್ರ ಒತ್ತಿದರೆ ಏನಾಗಬೇಕು ಎಂಬುದನ್ನು ನನಗಿಂತ ಮೊದಲಿನವರು ಮಾಡಿಟ್ಟು ಹೋಗಿದ್ದಾರೆ. ನಾನು ತಲೆ ಕೆಡಿಸಿಕೊಳ್ಳಬೇಕಾದ್ದು ಒಡಲಿಗೆ ಮಾತ್ರ. ಒಡಲು ಅಂದರೆ ಈ ಹನ್ನೊಂದು ಮಂದಿ, ಅವರ ಸೀರೆ, ಅವರ ಹೆಸರು.

ಆಯಿ ಸರದಿಂದ ಮೂರು ಚಿಂದಿ ಬಿಡಿಸಿದಳು. ದಾಳಿಂಬೆ ಕೆಂಪು, ಕಪ್ಪು ಹಸಿರು ಚೌಕಳಿ, ಹಳದಿ ಗೆರೆಯ ದಡಿ. ಎರಡು ಬೆರಳಿನಲ್ಲಿ ಏನೋ ಮಾಡಿದಳು, ಗಂಟು ಬಿತ್ತು. ಅಂಗೈ ಮೇಲಿಟ್ಟರೆ ಉಬ್ಬು ಸಹ ಗೊತ್ತಾಗುತ್ತಿರಲಿಲ್ಲ.

"ತಗೋ. ನಿಂದೂ ಮೂರ ಆರಿಸಿ, ಉಳಿದದ್ದ ಮುಚ್ಚು."

ಎಂಟುನೂರರಲ್ಲಿ ಮೂರು ಆರಿಸಿದೆ. ಉಳಿದದ್ದನ್ನು ಮುಚ್ಚುವಾಗ ಒಂದೆರಡನ್ನು ಮತ್ತೊಮ್ಮೆ ತೆರೆದು ನೋಡಿದೆ, ಸುಳ್ಳು ಹೇಳುವುದಿಲ್ಲ. ಬಣ್ಣಕ್ಕೆ ಬಾದಾಮಿಗೆ ಹೋಗಬೇಕಾಗಿರಲಿಲ್ಲ, ಮೂರೂ ನನ್ನ ಅಂಗೈ ಮೇಲಿದ್ದವು.

ನಿಜವಾದ ಶಿಕ್ಷೆ ಆಮೇಲೆ ಶುರುವಾಯಿತು. ಆಯಿಯ ಕಣ್ಣು ಮಗ್ಗದ ಮೇಲೆ, ಕಿವಿ ನನ್ನ ಮೇಲೆ. ಅರ್ಧ ದಿನದೊಳಗೆ ಅವಳು ನನ್ನ ಲ್ಯಾಪ್‌ಟಾಪಿನ ಸಪ್ಪಳಗಳನ್ನು ಕಲಿತುಬಿಟ್ಟಳು. ಬರೆಯುವಾಗ ಟಕಟಕ. ಸುಮ್ಮನೆ ಅಲ್ಲಿ ಇಲ್ಲಿ ನೋಡುತ್ತ ಮೌಸಿನ ಗಾಲಿ ತಿರುಗಿಸುವಾಗ ಸುರ್ ಸುರ್. ಟಕಟಕ ನಿಂತು ಸುರ್ ಶುರುವಾಯಿತೆಂದರೆ ಮಗ್ಗದೊಳಗಿಂದ ದನಿ ಬರುತ್ತಿತ್ತು.

"ಯಾಕೋ? ಎಲ್ಲಿ ಹೊಂಟಿ?"

"ಎಲ್ಲೂ ಇಲ್ಲ ಬೇ, ಇಲ್ಲೇ ಅದೇನಿ."

"ಗಾಲಿ ಸಪ್ಪಳಾ ಬಂತು."

ಒಮ್ಮೆ ಗಾಲಿಯ ಸಪ್ಪಳ ಕೇಳದಿರಲೆಂದು ಕೆಮ್ಮುತ್ತ ತಿರುಗಿಸಿದೆ. ಆಯಿ ಸೊಸೆಯನ್ನು ಕರೆದು ನನಗೆ ಅಜವಾನದ ಕಷಾಯ ಮಾಡಿಸಿದಳು. ಅಂಥ ಖಾರದ ಕಷಾಯ ಕುಡಿದ ಮೇಲೆ ನನಗೆ ಈ ಜನ್ಮದಲ್ಲಿ ಕೆಮ್ಮು ಬಂದಿಲ್ಲ.

ಐದು ದಿನದಲ್ಲಿ ಮುಗಿಯಿತು. ಮೇಲೆ ಸೆರಗಿನ ಕೆಂಪು ಬಿಳಿ, ಎರಡೂ ಬದಿಗೆ ದಡಿಯ ಹಳದಿ ಗೆರೆ, ನಡುವೆ ಸೀರೆಗಳು. ಪ್ರತಿ ಸೀರೆಯ ಕೆಳಗೆ 'ನೇಯ್ದವರು' ಅಂತ ಹೆಸರು. ಎಲ್ಲರೂ ಮತ್ತೆ ಜಮಖಾನೆಯ ಮೇಲೆ ಕೂತರು. ಈ ಸಲ ನಾನು ಬಾಯಿ ತೆರೆಯಲಿಲ್ಲ, ಕಸ್ತೂರಿ ಎಷ್ಟೋ ಕಾಯ್ದಳು.

ಆಯಿ ಕುಣಿಯಿಂದ ಎದ್ದು ಬಂದು ನನ್ನ ಪಕ್ಕ ಕೂತಳು.

"ಯಾವ್ದೋ?"

ನಾನು ಅವಳ ಬೆರಳು ಹಿಡಿದು ಪರದೆಯ ಮೇಲೆ 'ಬಸವ್ವ' ಅನ್ನುವ ಅಕ್ಷರಗಳ ಕೆಳಗೆ ಇಟ್ಟೆ. ಅವಳು ಬಟ್ಟೆ ಅಳೆಯುವ ಹಾಗೆ ಆ ಹೆಸರನ್ನು ಬೆರಳಿನಲ್ಲಿ ಅಳೆದಳು. ಒಂದು ಉಗುರಿನ ಅಗಲವೂ ಇರಲಿಲ್ಲ.

"ಇಷ್ಟ ಸಣ್ಣದ?"

ಸ್ವಲ್ಪ ದೊಡ್ಡದು ಮಾಡಿದೆ. ಮತ್ತೆ ಅಳೆದಳು. ಬೆರಳನ್ನು ಅಲ್ಲೇ ಇಟ್ಟುಕೊಂಡಳು. ಮತ್ತೆ ದೊಡ್ಡದು ಮಾಡಿದೆ. ಹೆಸರು ಬೆಳೆದು ಬೆಳೆದು ಸೀರೆಯ ಅಗಲಕ್ಕೆ ಸಮ ಆಯಿತು. ನನ್ನ ವಿದ್ಯೆಯ ಯಾವ ನಿಯಮಕ್ಕೂ ಅದು ಹೊಂದುತ್ತಿರಲಿಲ್ಲ. ಅಕ್ಷರ ಕಂಡು ಸೀರೆ ಹೆದರಿದ ಹಾಗೆ ಕಾಣುತ್ತಿತ್ತು. ಆಗ ಆಯಿ ಬೆರಳು ತೆಗೆದಳು. ಪರದೆಯ ಮೇಲೆ ಗಂಜಿಯ ಒಂದು ಬೆರಳಚ್ಚು ಉಳಿಯಿತು. ಹನ್ನೊಂದು ಹೆಸರನ್ನೂ ಅಷ್ಟೇ ದೊಡ್ಡದು ಮಾಡಿ ಹಾಗೆಯೇ ಬಿಟ್ಟೆ. ಈಗಲೂ ಹಾಗೆಯೇ ಇದೆ.

ಪ್ರದರ್ಶನದ ಎರಡನೆಯ ದಿನ ಮಳಿಗೆಗೆ ಯಾರೋ ಒಬ್ಬ ಹೆಣ್ಣುಮಗಳು ಬಂದು, ಮೊಬೈಲಿನಲ್ಲಿ ನೋಡುತ್ತ, "ಬಸವ್ವ ಅವರು ನೇಯ್ದ ಸೀರೆ ಯಾವುದು?" ಎಂದು ಕೇಳಿದಳಂತೆ. ನೀಲಕ್ಕ ಅಲ್ಲಿಂದಲೇ ಅತ್ತೆಗೆ ಫೋನು ಮಾಡಿದಾಗ ನಾನು ರೂಢಿಬಿದ್ದು ಅದೇ ಕಂಬಕ್ಕೆ ಒರಗಿ ಕೂತಿದ್ದೆ. ಆಯಿ ಕೇಳಿ, "ಹೌದಾ?" ಅಂದು, ಫೋನು ನನ್ನ ಕೈಗೆ ಕೊಟ್ಟು, ಮತ್ತೆ ಮಗ್ಗಕ್ಕೆ ಇಳಿದಳು. ಆ ದಿನ ಮಾತ್ರ ಮಗ್ಗದ ಸಪ್ಪಳ ಸ್ವಲ್ಪ ಜೋರಾಗಿತ್ತು ಅನಿಸಿತು. ನನ್ನ ಕಿವಿಯೂ ಅಷ್ಟರಲ್ಲಿ ತಯಾರಾಗಿತ್ತು ನೋಡಿ.

ಚಿಂದಿ ವಾಪಸು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ಇಟ್ಕೋ, ಮುಂದಿನ ಕೆಲಸಕ್ಕ ಬೇಕಾಗತೈತಿ," ಅಂದಳು. ಇಟ್ಟುಕೊಂಡೆ. ಮುಂದಿನ ನಾಲ್ಕಾರು ಕೆಲಸ ಸರಸರ ಆದವು. ಆಮೇಲೆ ಜಾಣನಾದೆ, ಚಿಂದಿ ಚೀಲದ ಅಡಿಗೆ ಹೋಯಿತು, ಕಿಟಕಿ ಒಂದೊಂದಾಗಿ ತೆರೆದವು. ಅದರ ಫಲವಾಗಿಯೇ ಮೊನ್ನೆ ನಲವತ್ತೊಂದು ಬಾಯಿ ನನ್ನ ಮುಂದೆ ನಗುತ್ತಿದ್ದವು.

ಗಂಟು ಮತ್ತೆ ನಾನೇ ಹಾಕಲು ನೋಡಿದೆ. ನಾನು ಹಾಕಿದ ಗಂಟು ಲಿಂಬೆಹಣ್ಣಿನಷ್ಟು ದಪ್ಪವಾಯಿತು, ಮೇಜಿನ ಮೇಲಿಟ್ಟರೆ ತಾನೇ ಬಿಚ್ಚಿಕೊಂಡಿತು. ಚಪ್ಪಲಿ ಮೆಟ್ಟಿ ಹಿಂದಿನ ಓಣಿಗೆ ಹೋದೆ.

ಆಯಿ ಈಗ ನೇಯುವುದಿಲ್ಲ, ಕಣ್ಣು ಮಂಜಾಗಿದೆ. ಮಗ್ಗದಲ್ಲಿ ನೀಲಕ್ಕ ಇದ್ದಳು, ಆಯಿ ಪಕ್ಕದ ಕಂಬಕ್ಕೆ, ನಾನು ಒರಗುತ್ತಿದ್ದ ಜಾಗದಲ್ಲೇ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಚಿಂದಿಗಳನ್ನು ಅವಳ ಕೈಯಲ್ಲಿಟ್ಟೆ. ಮುಟ್ಟಿ ನೋಡಿದ ಕೂಡಲೇ ನಕ್ಕಳು. ಹೊಸ ಹಲ್ಲು ಕಂಡವು. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು, ಸಾಲಾಗಿ ಬೆಳ್ಳಗೆ.

"ಬಿಚ್ಚಿದೇನೋ?"

"ನಾ ಬಿಚ್ಚಿಲ್ಲ ಬೇ, ತಾನ ಬಿಚ್ಚಿತು."

"ತಾನ ಬಿಚ್ಚತೈತೇನ ಗಂಟು, ಖೋಡಿ," ಅಂದಳು. ನೋಡದೆಯೇ ಎರಡು ಬೆರಳಿನಲ್ಲಿ ಕಟ್ಟಿಬಿಟ್ಟಳು. "ಈಗ ಯಾರ ಕೆಲಸ ಹಿಡದಿ?"

"ಬಾಗಲಕೋಟಿ ಹಲ್ಲಿನ ಡಾಕ್ಟರದು."

"ಯಾರ ಹೆಸರ ಹಾಕ್ತಿ?"

"ಡಾಕ್ಟರದ ಬೇ. ಮತ್ತ ಯಾರದು?"

ಆಯಿ ಬಾಯಿಗೆ ಕೈ ಹಾಕಿ ಹಲ್ಲಿನ ಸೆಟ್ಟು ಹೊರಗೆ ತೆಗೆದಳು. ಬೆರಳಿನಿಂದ ಅಂಚು ಸವರಿದಳು, ದಡಿಯನ್ನು ಸವರಿ ನೋಡುತ್ತಿದ್ದ ಹಾಗೆ. ಆಮೇಲೆ ಬೊಚ್ಚುಬಾಯಿಯಲ್ಲೇ ಕೇಳಿದಳು. ಅರ್ಥವಾಗಲು ನನಗೆ ಒಂದು ಗಳಿಗೆ ಹಿಡಿಯಿತು.

"ಡಾಕ್ಟರ ಬರೇ ತಂದು ಬಾಯಾಗ ಇಡತಾನ. ಇದನ್ನ ಮಾಡಿದಾಂವ ಯಾರೋ? ಎಂಥಾ ಕೈ ನೋಡು. ದವಾಖಾನ್ಯಾಗ ಕೇಳಿದ್ನಿ, ಯಾರೂ ಹೇಳಲಿಲ್ಲ."

ಮಗ್ಗದ ಸಪ್ಪಳ ನಿಂತಿತ್ತು. ನೀಲಕ್ಕ ನನ್ನನ್ನೇ ನೋಡುತ್ತಿದ್ದಳು. ಮೂರು ವಾರ ಹಲ್ಲು ನೋಡಿದ್ದೆ. ಅದನ್ನು ಒಬ್ಬ ಮನುಷ್ಯ ಕೂತು ಮಾಡುತ್ತಾನೆ ಎಂಬುದು ನನ್ನ ತಲೆಗೆ ಬಂದಿರಲಿಲ್ಲ.

ಮನೆಗೆ ಬಂದು ಮೂರು ಕಿಟಕಿ ಉಳಿಸಿ ಮೂವತ್ತೆಂಟು ಮುಚ್ಚಿದೆ. ಡಾಕ್ಟರಿಗೆ ಫೋನು ಮಾಡಿದೆ.

"ಸರ್, ಒಂದ ಹೆಸರ ಬೇಕಾಗಿತ್ರಿ. ನಿಮ್ಮ ದವಾಖಾನಿ ಹಲ್ಲಿನ ಸೆಟ್ ಯಾರ ಮಾಡ್ತಾರ?"



"ಹಿಂದಿನ ಖೋಲ್ಯಾಗ ಕುಂತು ಮಾಡ್ತಾರ, ರಾಜೇಸಾಬ ಅಂತ. ಭಾಳ ವರ್ಷದಿಂದ ಅದಾರ. ಯಾಕೋ?"

"ಒಡಲ ಸಿಕ್ತರಿ ಸರ್," ಅಂದೆ. ಡಾಕ್ಟರಿಗೆ ಅರ್ಥವಾಗಿರಲಿಕ್ಕಿಲ್ಲ.

ಗಂಟನ್ನು ಪರದೆಯ ಪಕ್ಕದಲ್ಲಿಟ್ಟು, ಖಾಲಿ ಪುಟದ ಮೇಲೆ ಮೊದಲು ಆ ಹೆಸರು ಬರೆದೆ. ಸಣ್ಣದಾಯಿತು ಅನಿಸಿತು. ಸ್ವಲ್ಪ ದೊಡ್ಡದು ಮಾಡಿದೆ.